ಪರ್ಸಿನಲ್ಲೇ ಉಳಿದ ಮಾತ್ರೆ

ಹೋದ ವರ್ಷ ನನಗೆ ಹೃದಯಾಘಾತವಾದಾಗ ಮುಂಬೈ ಲೋಕಲ್ ಟ್ರೇನಿನ ಗೆಳತಿಯರಿಗೆಲ್ಲ ಗರ್ಭಕೋಶದ ಆಪರೇಷನ್ ಎಂದು ಸುಳ್ಳು ಹೇಳಿದ್ದೆ. ಮಗಳಿಗೆ ಗಂಡು ನೋಡುತ್ತಿದ್ದ ಕಾಲ. ತಾಯಿಗೆ ಹಾರ್ಟಿನ ತೊಂದರೆ ಎಂದು ಗೊತ್ತಾದರೆ, ಮಗಳಿಗೂ ಇಸಿಜಿ ಮಾಡಿಸಿಕೊಂಡು ಬನ್ನಿ ಎನ್ನಲು ಹಿಂಜರಿಯುವವರಲ್ಲ ನಮ್ಮ ಜನ. "ಮತ್ತೆ ನೋವು ಬಂದರೆ ಆಂಬುಲೆನ್ಸ್‌ಗೆ ಫೋನ್ ಮಾಡಿ, ಈ ಆಸ್ಪಿರಿನ್ ಅಗಿದು ನುಂಗಿ. ತಡವಾದಷ್ಟೂ ಹೃದಯಕ್ಕೆ ಪೆಟ್ಟು" ಎಂದಿದ್ದರು ಡಾಕ್ಟರು. ಅಂದಿನಿಂದ ಆ ಮಾತ್ರೆ ಪರ್ಸಿನ ಒಳಜೇಬಿನಲ್ಲಿತ್ತು.

ಸಂಬಂಧ ಕೂಡಿಬಂದದ್ದು ಲೇಡೀಸ್ ಡಬ್ಬದಲ್ಲೇ. ಡೊಂಬಿವಲಿಯಿಂದ ದಿನವೂ ನನ್ನ ಜೊತೆ ಬರುತ್ತಿದ್ದ ಉಡುಪಿ ಕಡೆಯ ಗೆಳತಿಯ ಮಗನೇ ವರ. ಇಬ್ಬರಿಗೂ ಸೇರಿ ಒಂದೇ ಸೀಟು, ಠಾಣೆ ಸ್ಟೇಷನ್‌ವರೆಗೆ ನಾನು, ಅಲ್ಲಿಂದ ಮುಂದೆ ಆಕೆ. ನಿಶ್ಚಿತಾರ್ಥಕ್ಕೆ ಹತ್ತು ದಿನವಿರುವಾಗ, ಬೆಳಿಗ್ಗೆ ಫಾಸ್ಟ್ ಟ್ರೇನು ಹೊರಟದ್ದೇ ಆಕೆ ನನ್ನ ಭುಜ ಹಿಡಿದುಕೊಂಡಳು.

"ಎಂತದೋ ಆಗ್ತಾ ಉಂಟು ಮಾರಾಯ್ತಿ. ಎದೆ ಹಿಂಡಿದ ಹಾಗೆ."

ಎದ್ದು ಅವಳನ್ನು ಕೂರಿಸಿದೆ. ಮೈಯೆಲ್ಲ ಬೆವರು, ಎಡಗೈ ನೋವು. ನನಗೆ ಗೊತ್ತಾಗದೆ ಇರುತ್ತದೆಯೇ?

"ಕಿಸೀ ಕೆ ಪಾಸ್ ಗೋಲಿ ಹೈ ಕ್ಯಾ?" ಯಾರ ಹತ್ತಿರವಾದರೂ ಮಾತ್ರೆ ಇದೆಯೇ ಎಂದು ಯಾರೋ ಕೂಗಿದರು.

ಪರ್ಸು ನನ್ನ ಹೆಗಲಲ್ಲೇ ಇತ್ತು. ತೆಗೆದರೆ, ಇದು ನಿನ್ನ ಹತ್ತಿರ ಯಾಕೆ ಎಂದು ಕೇಳುತ್ತಾರೆ. "ಗ್ಯಾಸ್ ಇರ್ಬೇಕು" ಎಂದು ಬೆನ್ನು ತಿಕ್ಕಿದೆ, ನೀರು ಕುಡಿಸಿದೆ. ಟ್ರೇನು ನಿಲ್ಲದೆ ದಿವಾ ದಾಟಿತು, ಮುಂಬ್ರಾ ದಾಟಿತು. ತಲೆನೋವಿಗೆಂದು ಇಟ್ಟುಕೊಂಡದ್ದು ಎಂದಾದರೂ ಹೇಳಬಹುದಿತ್ತು. ಅಷ್ಟೆಲ್ಲ ಸುಳ್ಳು ಹೇಳಿದ ಬಾಯಿಗೆ ಆ ಒಂದು ಸುಳ್ಳು ಬರಲಿಲ್ಲ. ಠಾಣೆಯಲ್ಲಿ ಅವಳನ್ನು ಸ್ಟ್ರೆಚರಿನಲ್ಲಿ ಇಳಿಸಿದರು.

"ಆಸ್ಪಿರಿನ್ ಏನಾದರೂ ಕೊಟ್ಟಿದ್ದಿರಾ?" ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಅದು. ಇಲ್ಲವೆಂದು ತಲೆಯಾಡಿಸಿದೆ. ಆಕೆ ಬದುಕಿಕೊಂಡಳು, ಆದರೆ ಹೃದಯದ ಶಕ್ತಿ ಕುಂದಿದೆ ಎಂದರು. ನಾನು ಮಾತ್ರೆ ಕೊಟ್ಟಿದ್ದರೆ ಎಷ್ಟು ಉಳಿಯುತ್ತಿತ್ತೋ ಯಾರೂ ಹೇಳಲಾರರು. ನನ್ನ ನಾಚಿಕೆ ಮಾತ್ರ ಅದರಿಂದ ಕಡಿಮೆಯಾಗಲಿಲ್ಲ.

ಸಂಜೆ ಮಗಳು ಕೇಳಿದಳು. "ಅಮ್ಮಾ, ಗೋಲಿ ತೋ ತುಮ್ಹಾರೆ ಪರ್ಸ್ ಮೇ ಥೀ ನಾ?"

ಮಾತ್ರೆ ಪರ್ಸಿನಲ್ಲಿದ್ದದ್ದೇ ಮರೆತೆ ಎಂದೆ. ಅವಳು ನಂಬಲಿಲ್ಲ, ನನ್ನ ಜೊತೆ ಊಟಕ್ಕೂ ಕೂರಲಿಲ್ಲ.

ಮೂರನೆಯ ದಿನ ತಡೆಯಲಾರದೆ ವಾರ್ಡಿಗೆ ಹೋಗಿ ಗೆಳತಿಗೆ ಎಲ್ಲವನ್ನೂ ಹೇಳಿದೆ. ಆಕೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಮದುವೆ ಮುರಿದಂತೆಯೇ ಎಂದುಕೊಂಡೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಮೊದಲೇ ಹೇಳ್ಬಾರ್ದಿತ್ತಾ ಮಾರಾಯ್ತಿ?" ಎಂದು ಕಣ್ಣು ಒರೆಸಿಕೊಂಡಳು. "ಠಾಣೆ ಬಂದ ಕೂಡ್ಲೆ ದಿನಾ ನಿನ್ನನ್ನು ಎಬ್ಬಿಸಿ ನಾನು ಕೂತ್ಕೊಳ್ತಿದ್ದೆನಲ್ಲ."