ಕಾಲು ನಿಲುಕದ ಸಿಂಹಾಸನ

ರಂಗದ ಮೇಲಿನ ವಸ್ತುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ಆದರೆ ನಾನೇ ಮಾಡಿಸಿದ ಸಿಂಹಾಸನದ ಮೇಲೆ ನಾಟಕ ಮುಗಿಯುವವರೆಗೂ ಒಂದು ಸಲವೂ ಕೂತು ನೋಡಿರಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರ ಕಾಯಿಲೆ ಇದು: ಬಾಯಲ್ಲಿ ಸಾಬೀತಾದದ್ದನ್ನು ಬೇರೆ ಯಾವ ಅಂಗದಿಂದಲೂ ಪರೀಕ್ಷಿಸುವುದಿಲ್ಲ.

ನಮ್ಮದು ಚೆನ್ನೈ ಕನ್ನಡಿಗರ ಹವ್ಯಾಸಿ ತಂಡ. ಪೆರಂಬೂರಿನ ಛತ್ರವೊಂದರ ಮಹಡಿಯಲ್ಲಿ ತಾಲೀಮು. ನಿರ್ದೇಶನ, ರಂಗಸಜ್ಜಿಕೆ ಎರಡೂ ನನ್ನದು. ನಾಟಕದ ರಾಣಿ ಉದ್ದಕ್ಕೂ ಸಿಂಹಾಸನದಲ್ಲೇ ಕೂತಿದ್ದು, ಕಟ್ಟಕಡೆಗೆ “ಸಾಕು, ನಾನು ಹೊರಟೆ” ಎಂದು ಎದ್ದು, ಪ್ರೇಕ್ಷಕರ ನಡುವೆ ನಡೆದು ಹೋಗಬೇಕು. ಪಾತ್ರ ವೇದಾ ಮಾಮಿಯದು. ಅಡ್ಯಾರಿನ ಬ್ಯಾಂಕಿನಲ್ಲಿ ಕೆಲಸ, ಐದಡಿಗೂ ಕಡಿಮೆ ಎತ್ತರ. ತಂಡದಲ್ಲಿ ವರ್ಷಾನುಗಟ್ಟಲೆ ಅತ್ತೆಯಾಗಿ, ದಾಸಿಯಾಗಿ ಸವೆದವರು. ಆ ಕೊನೆಯ ನಡಿಗೆಯನ್ನು ಅವರು ಊಟದ ಬಿಡುವಿನಲ್ಲಿ ಬ್ಯಾಂಕಿನ ಕಾರಿಡಾರಿನಲ್ಲಿ ಅಭ್ಯಾಸ ಮಾಡುತ್ತಿದ್ದರಂತೆ.

ಪ್ಯಾರೀಸ್ ಕಾರ್ನರ್ ಹಿಂದಿನ ಗಲ್ಲಿಯ ಬಡಗಿ ಆಸನ ಎಷ್ಟೆತ್ತರ ಇರಲಿ ಎಂದು ಕೇಳಿದಾಗ ನನ್ನ ಮೊಣಕಾಲನ್ನೇ ತೋರಿಸಿದ್ದೆ. ಅದರಲ್ಲಿ ಕೂತ ಮಾಮಿಯ ಕಾಲು ಗಾಳಿಯಲ್ಲಿ ನೇತಾಡಿತು.

“ಕಣ್ಣಾ, ಕಾಲಡಿಗೆ ಒರೇ ಒಂದು ಮಣೆ ಇಡು ಪಾ. ಜೋಮು ಹಿಡಿಯತ್ತೆ.”

“ಅಧಿಕಾರದ ಎದುರು ದೇಹ ಸಣ್ಣದು ಅನ್ನೋದೇ ಅರ್ಥ, ಮಾಮಿ. ಮಣೆ ಇಟ್ಟರೆ ಅರ್ಥ ಹೋಯ್ತು.”

“ಅರ್ಥಕ್ಕೆ ಕಾಲಿಲ್ಲ. ನನಗಿದೆಯಲ್ಲಪ್ಪಾ!”

ಎಲ್ಲರೂ ನಕ್ಕರು. ನಗು ವಾದವಲ್ಲ ಎಂದು ಮೂರು ಕಾರಣ ಕೊಟ್ಟು ಅವರ ಬಾಯಿ ಮುಚ್ಚಿಸಿದೆ. ನಿಜ ಹೇಳುತ್ತೇನೆ, ಆ ಅರ್ಥ ನನಗೆ ಹೊಳೆದದ್ದೇ ಅವರು ಮಣೆ ಕೇಳಿದ ಮೇಲೆ.

ಯಕ್ಷಗಾನದಲ್ಲಿ ಒಂದು ಪುಟ್ಟ ಪೀಠ ಸಾಕು. ವೇಷಧಾರಿ ಕೂತರೆ ಅದು ಸಿಂಹಾಸನ, ಏರಿ ನಿಂತರೆ ರಥ. ಅಲ್ಲಿ ವಸ್ತು ದೇಹದ ಮಾತು ಕೇಳುತ್ತದೆ. ಇದೂ ನನಗೆ ಗೊತ್ತಿತ್ತು. ಇದರ ಪರವಾಗಿ ಮಾತಾಡಿ ಒಮ್ಮೆ ಬಹುಮಾನವನ್ನೂ ಹೊಡೆದಿದ್ದೆ.

ಪ್ರದರ್ಶನದ ದಿನ ಮಾಮಿ “ಸಾಕು, ನಾನು ಹೊರಟೆ” ಎಂದರು. ಕೈ ಎರಡನ್ನೂ ಕುರ್ಚಿಗೆ ಊರಿದರು. ಏಳಲಿಲ್ಲ. ಮತ್ತೊಮ್ಮೆ ಊರಿದರು. ಜೋಮು ಹಿಡಿದ ಕಾಲು ಬರಲಿಲ್ಲ. ಬೆಳಕಿನ ಹುಡುಗರು ದೀಪ ಆರಿಸಿಬಿಟ್ಟರು. ಆಮೇಲೆ ಸಭಾಂಗಣ ಒಡೆದುಹೋಗುವಂಥ ಚಪ್ಪಾಳೆ.

“ಹೊರಟೆ ಅಂತಾಳೆ, ಏಳೋದೇ ಇಲ್ಲ! ಎಂಥಾ ಕಲ್ಪನೆ ಮಾರಾಯ್ರೆ! ಅದು ಕುರ್ಚಿಯಲ್ಲ, ಒಂದು ಪಾತ್ರ!” ಎಂದು ಹೋಟೆಲು ನಡೆಸುವ ಉಡುಪಿಯ ಹಿರಿಯರೊಬ್ಬರು ನನ್ನ ಕೈ ಹಿಡಿದು ಕುಲುಕಿದರು. ಎರಡು ಮಾರು ದೂರದಲ್ಲಿ ಮಾಮಿ ಮೀನಖಂಡ ತಿಕ್ಕಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು. ಅದು ಕಲ್ಪನೆಯಲ್ಲ, ಅವರ ಕಾಲಿಗೆ ಜೋಮು ಹಿಡಿದಿತ್ತು ಎಂದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಯಾವ ವಿಷಯ ಕೊಟ್ಟರೂ ನಿಂತ ಕಾಲಲ್ಲಿ ನಾಲ್ಕು ನಿಮಿಷ ಮಾತಾಡುವ ತರಬೇತಿ ನನ್ನದು. “ಥ್ಯಾಂಕ್ಸ್ ಸಾರ್” ಎಂದೆ.

ಮುಂದಿನ ನಾಟಕಕ್ಕೆ ಕರೆಯಲು ಮಾಮಿಗೆ ಫೋನು ಮಾಡಿದೆ.

“ನಾನ್ಯಾಕೆ ಪಾ? ನಿನ್ನ ಕುರ್ಚಿ ಚೆನ್ನಾಗಿ ನಟಿಸತ್ತಲ್ಲ, ಅದಕ್ಕೇ ಪಾತ್ರ ಕೊಡು” ಎಂದು ಫೋನಿಟ್ಟರು. ಆಮೇಲೆ ತಾಲೀಮಿನ ಕಡೆಗೆ ಬರಲೇ ಇಲ್ಲ.

ಸಿಂಹಾಸನ ಈಗ ನನ್ನ ಕೋಣೆಯಲ್ಲಿದೆ. ಸಾಕ್ಷ್ಯವಿಲ್ಲದೆ ಏನನ್ನೂ ನಂಬದವನಲ್ಲವೇ ನಾನು? ಮೊನ್ನೆ ಭಾನುವಾರ ಗಡಿಯಾರ ಇಟ್ಟುಕೊಂಡು ನಾಟಕದಷ್ಟೇ ಹೊತ್ತು ಅದರಲ್ಲಿ ಕೂತೆ. ಜೋಮು ಹಿಡಿಯಲಿಲ್ಲ. ಪಾದಗಳೆರಡೂ ನೆಲದ ಮೇಲೆ ಹಾಯಾಗಿ ಊರಿಕೊಂಡಿದ್ದವು. ಸಲೀಸಾಗಿ ಎದ್ದು ಬಾಗಿಲವರೆಗೂ ನಡೆದೆ. ನನ್ನ ಮೊಣಕಾಲಿನ ಅಳತೆಗೆ ಮಾಡಿಸಿದ ಕುರ್ಚಿಯಲ್ಲಿ ನನ್ನ ವಾದ ಸೋಲುವುದಾದರೂ ಹೇಗೆ?