ಬೆನ್ನ ಹಿಂದಿನ ಎದುರಾಳಿ

ನನ್ನ ಮೊಮ್ಮಗಳು ಅನಘಾ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ನಗರದ ಮಹಿಳಾ ತಂಡವೊಂದರಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾಳೆ. ಅವಳು ಬಯಸಿದ್ದು ಕ್ವಾರ್ಟರ್‌ಬ್ಯಾಕ್ ಸ್ಥಾನ, ಅಂದರೆ ಚೆಂಡೆಸೆಯುವ ಕೆಲಸ. ಎಸೆಯುವವಳ ಮೇಲೆ ಎದುರಾಳಿಗಳು ನುಗ್ಗದಂತೆ ಮುಂದೆ ಐವರು ಅಡ್ಡ ನಿಲ್ಲುತ್ತಾರೆ. ಆಯ್ಕೆ ನಡೆದ ಶನಿವಾರ, ಧಾರವಾಡದ ನಿವೃತ್ತ ಡ್ರಿಲ್ ಮಾಸ್ತರನಾದ ನಾನು ಕೋಚ್ ಅವರ ಅನುಮತಿ ಪಡೆದು, ಅವಳ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತೆ.

“ಮೊಣಕೈ ಮ್ಯಾಲೆ! ಅವಸರ ಬ್ಯಾಡ!”

ಮೊದಲ ಎಸೆತ ನೆಲ ಸೇರಿತು. ಎರಡನೆಯದು ಬೇಲಿ ದಾಟಿತು. ಆ ಐವರು ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಆದರೂ ಅನಘಾ ಎಸೆಯುವ ಮುನ್ನ ಪ್ರತಿ ಬಾರಿಯೂ ಹಿಂದಿರುಗಿ ನೋಡುತ್ತಿದ್ದಳು. ಅದು ಅಶಿಸ್ತೆಂದು ಗದರಿದೆ.

ಆಗ ಐವರಲ್ಲಿ ಎಲ್ಲರಿಗಿಂತ ದೊಡ್ಡ ಮೈಕಟ್ಟಿನ ಅರೋಹಾ ಎಂಬ ಮಾವೊರಿ ಹೆಣ್ಣುಮಗಳು ಸಾಲು ಬಿಟ್ಟು ಬಂದು, ನನ್ನೆದುರು ಕೈ ಅಗಲಿಸಿ ನಿಂತಳು.

“ನಿಮ್ಮ ಜಾಗ ಅಲ್ಲಿ, ಮುಂದೆ,” ಎಂದೆ.

“ಅವಳನ್ನು ಯಾರು ಹೆದರಿಸುತ್ತಾರೋ ಅವರೆದುರೇ ನನ್ನ ಜಾಗ, ಕೋರೊ,” ಎಂದಳು. ಕೋರೊ ಎಂದರೆ ಅಜ್ಜ.

“ನಾನು ಕಲಿಸುತ್ತಿದ್ದೇನೆ.”

“ಕಲಿಸಿ. ಮೂರು ಎಸೆತ ಮಾತ್ರ ಮಾತಿಲ್ಲದೆ ಕಲಿಸಿ.”

ಎಡಕ್ಕೆ ಸರಿದೆ, ಅವಳೂ ಸರಿದಳು. ಬಲಕ್ಕೆ ಸರಿದರೆ ಅಲ್ಲಿಯೂ ಅವಳೇ. ಆ ಭುಜಗಳಾಚೆ ನನಗೇನೂ ಕಾಣಲಿಲ್ಲ. ಚೆಂಡು ಹಿಡಿಯುವವಳ ಅಂಗೈಗೆ ಬಡಿದ ಸದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಮತ್ತೊಮ್ಮೆ. ಮಗದೊಮ್ಮೆ.

“ಥ್ಯಾಂಕ್ಸ್, ಅರೋಹಾ!” ಎಂದು ಅನಘಾ ನಕ್ಕಳು.

ಅವಳು ಆಯ್ಕೆಯಾದಳು. ಅರೋಹಾಳ ಹೆಜ್ಜೆಗಳಲ್ಲಿ ಒಂದು ದೋಷವೂ ಇರಲಿಲ್ಲವೆಂದು ನಾನು ಕೋಚ್ ಅವರಿಗೆ ವರದಿ ಒಪ್ಪಿಸಿದೆ. ಅವರು ನನ್ನನ್ನು ವರದಿ ಕೇಳಿರಲಿಲ್ಲ.