ಸರ್ವಾನುಮತದಿಂದ ತೀರ್ಮಾನಿಸಲಾಯಿತು

ಕಳೆದ ತಿಂಗಳು ನಾನು ಓದಿದ ಹೈಸ್ಕೂಲಿನಿಂದ ಒಂದು ಹಳೆಯ ರಟ್ಟಿನ ಪುಸ್ತಕ ಮನೆಗೆ ಬಂತು. ಬಿಚ್ಚಿದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದು ಮೂರು ಸಲ ಸೀನಿದೆ. ಮೊದಲ ಪುಟದಲ್ಲಿ ನನ್ನದೇ ಗುಂಡು ಅಕ್ಷರ: ‘ಸಾಹಿತ್ಯ ಸಂಘದ ನಡಾವಳಿ ಪುಸ್ತಕ’. ಶಾಲೆಗೆ ಸುವರ್ಣ ಮಹೋತ್ಸವವಂತೆ. ಅಂದಿನ ಸಂಘಗಳ ಬಗ್ಗೆ ನಾನು ಹತ್ತು ನಿಮಿಷ ಮಾತಾಡಬೇಕಂತೆ, ನೆನಪಿಗೆ ಸಹಾಯವಾಗಲೆಂದು ಪುಸ್ತಕ ಕಳಿಸಿದ್ದರು. ಮೈಕ್ ಕೊಡುತ್ತೇವೆಂದರೆ ಬೇಡ ಅನ್ನುವ ಪೈಕಿಯವಳಲ್ಲ ನಾನು. ತಕ್ಷಣ ಒಪ್ಪಿಕೊಂಡೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಒಂದು ಬದಿಗೆ ಹೆದ್ದಾರಿ, ಇನ್ನೊಂದು ಬದಿಗೆ ಕಡಲು, ನಡುವೆ ನಮ್ಮ ಶಾಲೆ. ಅಲ್ಲಿ ಪಾಠಕ್ಕಿಂತ ಸಂಘಗಳೇ ಜಾಸ್ತಿ ಅನ್ನಬೇಕು. ವಿಜ್ಞಾನ ಸಂಘದ ಆಸ್ತಿ ಒಂದು ಅಯಸ್ಕಾಂತ, ಒಂದು ಬಾಟಲಿಯೊಳಗಿನ ಹಾವು. ಕ್ರೀಡಾ ಸಂಘಕ್ಕೆ ಗಾಳಿ ಹೋದ ವಾಲಿಬಾಲ್. ನಮ್ಮ ಸಾಹಿತ್ಯ ಸಂಘಕ್ಕೆ ಆಸ್ತಿಯೇ ಇರಲಿಲ್ಲ, ಗತ್ತು ಮಾತ್ರ ಇತ್ತು. ಹುಡುಗರ ಕಡೆ ಕಣ್ಣೆತ್ತಿ ನೋಡಿದರೂ ಮನೆಗೆ ಸುದ್ದಿ ಮುಟ್ಟುತ್ತಿದ್ದ ಆ ದಿನಗಳಲ್ಲಿ, ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಎದ್ದು ನಿಂತು ‘ಮಾನ್ಯ ಅಧ್ಯಕ್ಷರೇ’ ಎಂದು ಹತ್ತನೇ ತರಗತಿಯ ಹುಡುಗನೊಬ್ಬನನ್ನು ರಾಜಾರೋಷವಾಗಿ ಕರೆಯಬಹುದಿತ್ತು. ಆ ಒಂದು ಸುಖಕ್ಕಾಗಿಯೇ ನಾನು ಕಾರ್ಯದರ್ಶಿಯಾದೆ ಎಂದರೆ ನೀವು ನಗಬಾರದು.

ನಡಾವಳಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಈಗಲೂ ಹೊಟ್ಟೆಪಾಡು ಅದೇ, ತೆಕ್ಕಟ್ಟೆಯ ಕಡೆ ಒಂದು ಹಾಲಿನ ಸಂಘದಲ್ಲಿ ಕಾರ್ಯದರ್ಶಿ. ಹದಿನಾಲ್ಕನೇ ವಯಸ್ಸಿಗೇ ‘ಗೋಡೆ ಗಡಿಯಾರ ನಿಂತಿರುವ ಕುರಿತು ಸುದೀರ್ಘವಾಗಿ ಚರ್ಚಿಸಲಾಯಿತು’ ಎಂದೆಲ್ಲ ಬರೆದಿದ್ದೆ. ಗಡಿಯಾರಕ್ಕೆ ಸೆಲ್ ಹಾಕಿದರಾಯಿತು ಎಂದು ಯಾರಿಗೂ ಹೊಳೆದಂತಿಲ್ಲ. ಒಬ್ಬಳೇ ಕೂತು ನಗುತ್ತಾ ಪುಟ ತಿರುಗಿಸುತ್ತಿದ್ದೆ.

ಆಗ ಆ ಪುಟ ಬಂತು.

‘ಪ್ರಾರ್ಥನಾ ತಂಡದಲ್ಲಿ ಮೀನಿನ ವಾಸನೆ ಬರುತ್ತಿದೆಯೆಂದು ಕಾರ್ಯದರ್ಶಿಯವರು ಸಭೆಯ ಗಮನಕ್ಕೆ ತಂದರು. ಸಂಬಂಧಪಟ್ಟ ಸದಸ್ಯೆಯಾದ ಜಲಜ ಇನ್ನು ಮುಂದೆ ತಂಡದಲ್ಲಿ ನಿಲ್ಲತಕ್ಕದ್ದಲ್ಲವೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’

ನಾಲ್ಕು ಸಲ ಓದಿದೆ. ಬೇರೆ ಯಾರದೋ ಅಕ್ಷರ ಇರಬಹುದೆಂದು ದೀಪದ ಕೆಳಗೆ ಹಿಡಿದು ನೋಡಿದೆ. ನನ್ನದೇ. ಹಾಜರಿದ್ದವರೆಲ್ಲ ಕೆಳಗೆ ಸಹಿ ಹಾಕುವುದು ನಮ್ಮ ಪದ್ಧತಿ. ಏಳನೆಯ ಸಹಿ ಜಲಜಳದ್ದು! ಅವಳನ್ನು ಎದುರಿಗೆ ಕೂರಿಸಿಕೊಂಡು ತೀರ್ಮಾನಿಸಿ, ಅದಕ್ಕೆ ಅವಳ ಕೈಯಿಂದಲೇ ಸಹಿ ಹಾಕಿಸಿದ್ದೆವು. ಎಲ್ಲಕ್ಕೂ ಕೆಳಗೆ ಕನ್ನಡ ಮೇಷ್ಟ್ರ ಕೆಂಪು ಶಾಯಿ: ‘ಬರವಣಿಗೆ ಅಚ್ಚುಕಟ್ಟಾಗಿದೆ.’

ಮಾಡಿದ್ದಕ್ಕಿಂತಲೂ ಅದು ನನಗೆ ಒಂದಿಷ್ಟೂ ನೆನಪಿಲ್ಲವಲ್ಲ ಎಂಬುದೇ ದೊಡ್ಡ ಆಘಾತ. ಇಡೀ ಶಾಲೆಯಲ್ಲಿ ಜಲಜಳಷ್ಟು ಚಂದ ಹಾಡುವವರಿರಲಿಲ್ಲ. ‘ಪಾಪ, ಅವಳಿಗೇ ಆಸಕ್ತಿ ಹೋಯಿತು, ಅರ್ಧಕ್ಕೇ ಬಿಟ್ಟಳು’ ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದವಳು ನಾನು, ಅದನ್ನು ನಂಬಿದವಳೂ ನಾನೇ. ಅವಳು ಬೆಳಿಗ್ಗೆ ದಡದಲ್ಲಿ ತಾಯಿಯೊಡನೆ ಮೀನು ಹೆಕ್ಕಿ ಶಾಲೆಗೆ ಓಡಿ ಬರುತ್ತಿದ್ದಳು. ಆ ತಾಯಿ ಬುಟ್ಟಿ ಹೊತ್ತು ಬರುತ್ತಿದ್ದದ್ದು ನಮ್ಮ ಮನೆ ಬಾಗಿಲಿಗೇ. ಅವರು ತಂದ ಬಂಗುಡೆ ಮೀನಿನ ಸಾರಿಲ್ಲದೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಆ ಶನಿವಾರವೂ ಮನೆಗೆ ಹೋಗಿ ಅದನ್ನೇ ಚಪ್ಪರಿಸಿ ಉಂಡಿರುತ್ತೇನೆ. ಥೂ ಎನ್ನಿಸಿತು.

ಮರುದಿನವೇ ಕುಂದಾಪುರದಲ್ಲಿ ಬಸ್ಸು ಬದಲಿಸಿ, ನಾವುಂದ ದಾಟಿ, ಅವಳ ಮನೆಗೆ ಹೋದೆ. ಜಲಜ ಈಗ ಮೀನಿನ ವ್ಯಾಪಾರ ಮಾಡುತ್ತಾಳೆ. ಅಂಗಳದಲ್ಲಿ ಬಾಕ್ಸಿಗೆ ಐಸ್ ತುಂಬುತ್ತಿದ್ದಳು.

“ಎಂತ ಹೆಣೆ, ಫೋನೂ ಮಾಡ್ದೆ ಬಂದದ್ದಾ? ಬಾ, ಕೂಕೋ.”

ಕೂರಲಿಲ್ಲ. ನಿಂತೇ ಪುಸ್ತಕ ಬಿಚ್ಚಿ ಓದಿದೆ. ಅವಳು ಕೆಲಸ ನಿಲ್ಲಿಸದೆ ಕೇಳಿದಳು.

“ನಂಗ್ ನೆನ್ಪಿತ್ತ್. ಸೈ ಹಾಕುಕೆ ನೀನೇ ಪೆನ್ ಕೊಟ್ಟದ್ದ್. ಎರಡ್ ವಾರ ದಿನಕ್ಕೆ ಎರಡೆರಡ್ ಸರ್ತಿ ಮಿಂದೆ. ಮತ್ತೆ ಹಾಡುದೇ ಬ್ಯಾಡ ಅಂದೇಳಿ ಬಿಟ್ಟೆ.”

“ಅಬ್ಬಿ ಹತ್ರ ಹೇಳ್ಲಿಲ್ಯಾ?” ಅವಳ ತಾಯಿಯ ಮುಖ ನೆನೆದು ಕೇಳಿದೆ.

“ಹೇಳಿರೆ ಅವ್ಳ್ ನಿಮ್ಮನಿಗೆ ಬತ್ತಿದ್ಳಾ? ನಿನ್ ಅಮ್ಮ ಒಳ್ಳೇರ್. ದಿನಾ ಅಬ್ಬಿಗೆ ಗಂಜಿ ಕೊಡ್ತಿದ್ರ್.”

ಅಳು ಬಂತು. “ಜಲಜ, ನಾನ್ ಇದನ್ನ ಸ್ಟೇಜಲ್ಲೇ ಓದ್ತೆ. ಎಲ್ಲರ ಎದ್ರೇ ತಪ್ಪಾಯ್ತ್ ಅಂದೇಳಿ ಹೇಳ್ತೆ,” ಎಂದೆ. ನಿಜ ಹೇಳಬೇಕೆಂದರೆ, ಹಾಗೆ ಓದಿ, ಸಭೆಯೆಲ್ಲ ಕಣ್ಣೊರೆಸಿಕೊಳ್ಳುವುದನ್ನು ಬಸ್ಸಿನಲ್ಲೇ ಕಲ್ಪಿಸಿಕೊಂಡಿದ್ದೆ. ಮೈಕಿನ ಚಪಲ ಎಲ್ಲಿ ಬಿಡುತ್ತದೆ!

ಜಲಜಳ ಕೈ ಥಟ್ಟನೆ ನಿಂತಿತು. “ಬ್ಯಾಡ! ನಿನ್ ದಮ್ಮಯ್ಯ, ಓದ್ಬ್ಯಾಡ. ನನ್ನ್ ಮಗ್ಳ್ ಶ್ರಾವ್ಯ ಅಲ್ಲೇ ಒಂಬತ್ತನೇ ಕ್ಲಾಸ್. ಪ್ರಾರ್ಥನೆ ಹಾಡುದ್ ಅವ್ಳೇ. ಬೆಳಿಗ್ಗೆ ನನ್ ಒಟ್ಟಿಗೆ ಮೀನ್ ಹೆಕ್ಕಿಯೇ ಶಾಲಿಗೆ ಹೋಪ್ದ್. ಇಷ್ಟ್ ದಿನ ಯಾರೂ ಎಂತ ಹೇಳ್ಲಿಲ್ಲೆ. ನೀ ಓದಿರೆ ನಾಳೆಯಿಂದ ಎಲ್ಲ ಅವ್ಳನ್ನ ಮೂಸುಕ್ ಶುರು ಮಾಡ್ತ್ರ್.”

ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ.

“ನಂಗ್ ಹಾಡುಕೇ ಬತ್ತಿಲ್ಲೆ ಅಂದೇಳಿ ಅವ್ಳ್ ಹತ್ರ ಹೇಳಿದ್ದೆ. ಹಾಂಗೇ ಇರ್ಲಿ,” ಎಂದಳು ಜಲಜ.

ಸಮಾರಂಭದಲ್ಲಿ ಶ್ರಾವ್ಯ ಹಾಡಿದಳು. ಅದೇ ಕಂಠ, ಮೇಲಿನ ಸ್ವರಕ್ಕೆ ಹೋಗುವಾಗ ಅದೇ ರೀತಿ ಕತ್ತು ಸ್ವಲ್ಪ ಓರೆ. ನಾನು ಗಡಿಯಾರ, ಅಯಸ್ಕಾಂತ, ಬಾಟಲಿಯ ಹಾವು ಎಂದು ಹತ್ತು ನಿಮಿಷ ನಗಿಸಿ ಕೆಳಗಿಳಿದೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಜಲಜಳೂ ತಟ್ಟಿದಳು.

ಊಟದ ಹೊತ್ತಿಗೆ ಶ್ರಾವ್ಯ ಓಡಿ ಬಂದಳು. “ಆಂಟಿ, ನೀವೂ ಅಬ್ಬಿಯೂ ಒಂದೇ ಕ್ಲಾಸ್ ಅಲ್ದಾ? ಅಬ್ಬಿಗೆ ಹಾಡುಕೆ ಬತ್ತೇ ಇರ್ಲಿಲ್ಯಾ? ಮತ್ತೆ ನಂಗ್ ಎಲ್ಲಿಂದ ಬಂತ್?”

ಅವಳ ಬೆನ್ನ ಹಿಂದೆ ಜಲಜ ತಟ್ಟೆ ಹಿಡಿದು ನಿಂತಿದ್ದಳು. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಇಲ್ಲೆ ಮಗಾ, ಅವ್ಳಿಗೆ ಒಂಚೂರೂ ಬತ್ತಿರ್ಲಿಲ್ಲೆ,” ಎಂದೆ.

ಜಲಜ ಉಸಿರು ಬಿಟ್ಟಳು. ಅವಳ ಹಾಡನ್ನು ನಾನು ಎರಡನೆಯ ಸಲ ಕಸಿದುಕೊಂಡಿದ್ದೆ. ಈ ಸಲ ನನಗೆ ಅದು ಚೆನ್ನಾಗಿ ನೆನಪಿರುತ್ತದೆ.